ಯಂತ್ರಗಳ ಓಲೆಗರಿಗಳು

ಅಂತಿಮ ಬಿ. ಎ. ತರಗತಿಯ ವಿದ್ಯಾರ್ಥಿಯೊಬ್ಬ

“ಈ ಸಲ ಮ್ಯಾಗಜೀನಿಗೆ ಏನು ಬರೀತೀಯೋ?” ಎಂದು ಸಂಪಾದಕ ಸಮಿತಿಯ ನನ್ನ ಮಿತ್ರನು ಕೇಳಿದಾಗ, ಹಳೆಯ ಮೋಟಾರು ವಾಹನಗಳ ಜೋಡಣೆಯ ಕೈಪಿಡಿಗಳನ್ನು ಕುರಿತು ಬರೆಯಬೇಕೆಂದಿದ್ದೇನೆ ಎಂದೆ. ಅವನು ಒಂದು ಕ್ಷಣ ನನ್ನ ಮುಖವನ್ನೇ ನೋಡಿ, “ಇದು ಆರ್ಟ್ಸ್ ಕಾಲೇಜು ಕಣೋ, ಐ.ಟಿ.ಐ. ಅಲ್ಲ” ಎಂದು ನಕ್ಕನು. ಅವನು ನಕ್ಕದ್ದು ತಪ್ಪಲ್ಲ. ನಮ್ಮ ಸಂಚಿಕೆಯಲ್ಲಿ ಪಂಪನ ಮೇಲೆ, ವಚನಕಾರರ ಮೇಲೆ, ಹಂಪೆಯ ಪ್ರವಾಸದ ಮೇಲೆ ಲೇಖನಗಳು ಬರುವುದು ವಾಡಿಕೆ. ನಟ್ಟು ಬೋಲ್ಟುಗಳ ವಿಚಾರ ಬರುವುದು ವಾಡಿಕೆಯಲ್ಲ. ಆದರೂ ಈ ವಿಷಯವು ಕಲಾ ವಿಭಾಗದ ವಿದ್ಯಾರ್ಥಿಗಳಾದ ನಮಗೇ ಹೆಚ್ಚು ಸೇರಿದ್ದೆಂದು ನನಗೆ ತೋರುತ್ತದೆ. ಏಕೆಂಬುದನ್ನು ಹೇಳುವುದಕ್ಕೆ ಮೊದಲು, ನನಗೆ ಈ ಹುಚ್ಚು ಹಿಡಿದ ಬಗೆಯನ್ನು ವಾಚಕರಲ್ಲಿ ಅರಿಕೆ ಮಾಡಿಕೊಳ್ಳಬೇಕು.

೨೦೨೧ರಲ್ಲಿ ಮೆಟ್ರೋ ರೈಲು ಕೆಂಗೇರಿಯವರೆಗೆ ಬಂದಿತಷ್ಟೆ. ಆ ಮಾರ್ಗದ ಜ್ಞಾನಭಾರತಿ ನಿಲ್ದಾಣದಲ್ಲಿ ಇಳಿದು, ಮೈಸೂರು ರಸ್ತೆಯ ಗದ್ದಲವನ್ನು ಹಿಂದೆ ಬಿಟ್ಟು ಒಂದು ಅಡ್ಡರಸ್ತೆಗೆ ತಿರುಗಿದರೆ ನನ್ನ ಸೋದರಮಾವನ ಗ್ಯಾರೇಜು ಸಿಕ್ಕುತ್ತದೆ. ಅಲ್ಲಿಗೆ ಬರುವ ಗಾಡಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜಾವಾ ಮತ್ತು ಯೆಜ್ಡಿಗಳು. ಬಾಗಿಲಿನ ಮೇಲೆ ಗಣಪತಿಯ ಪಟ, ಅದರ ಕೆಳಗೆ ಒಂದು ಕಬ್ಬಿಣದ ಕಪಾಟು, ಕಪಾಟಿನ ಮೇಲಿನ ಗೂಡಿನಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಒಂದು ಪುಸ್ತಕ. ಆ ಪುಸ್ತಕವನ್ನು ಮುಟ್ಟಬೇಕಾದರೆ ಕೈ ತೊಳೆದುಕೊಳ್ಳಬೇಕು. ಸ್ಪ್ಯಾನರುಗಳನ್ನು ನೆಲದ ಮೇಲೆ ಎಸೆಯುವ ನನ್ನ ಮಾವ ಈ ಒಂದು ವಿಷಯದಲ್ಲಿ ಮಾತ್ರ ಮಡಿವಂತರು.

ಮೋಟಾರು ವಾಹನಗಳಿಗೆ ಸಂಬಂಧಿಸಿದ ಪುಸ್ತಕಗಳಲ್ಲಿ ಹಲವು ಬಗೆಗಳುಂಟು. ಗಾಡಿಯನ್ನು ಕೊಂಡವನ ಕೈಗೆ ಕೊಡುವ ಚಿಕ್ಕ ಪುಸ್ತಕ ಒಂದು. ಎಷ್ಟು ಎಣ್ಣೆ ಹಾಕಬೇಕು, ಚಕ್ರಕ್ಕೆ ಎಷ್ಟು ಗಾಳಿ ಬೇಕು ಎಂಬಿಷ್ಟೇ ಅದರ ಸಾರ. ರಿಪೇರಿ ಮಾಡುವವನಿಗಾಗಿ ಬರೆದ ವರ್ಕ್‌ಶಾಪ್ ಮ್ಯಾನ್ಯುಅಲ್ ಎರಡನೆಯದು. ಪ್ರತಿಯೊಂದು ಬಿಡಿಭಾಗಕ್ಕೂ ಒಂದು ಅಂಕಿಯನ್ನು ಕೊಟ್ಟು, ಯಂತ್ರವನ್ನು ಗಾಳಿಯಲ್ಲಿ ಬಿಚ್ಚಿ ತೇಲಿಬಿಟ್ಟಂತೆ ಚಿತ್ರಿಸಿರುವ ಬಿಡಿಭಾಗಗಳ ಪಟ್ಟಿ ಮೂರನೆಯದು. ಇವೆಲ್ಲಕ್ಕಿಂತ ಅಪರೂಪವಾದದ್ದು ಕಾರ್ಖಾನೆಯೊಳಗಿನ ಜೋಡಣೆಯ ಕೈಪಿಡಿ. ಇದು ಮಾರಾಟಕ್ಕೆಂದು ಅಚ್ಚಾದದ್ದೇ ಅಲ್ಲ. ಸಾಲಿನಲ್ಲಿ ನಿಂತು ಕೆಲಸಮಾಡುವ ಕಾರ್ಮಿಕನಿಗೆ, ಈ ಬೋಲ್ಟು ಈ ತೂತಿಗೆ, ಈ ವಾಷರು ಅದರ ಕೆಳಗೆ, ಇಷ್ಟು ಬಿಗಿ ಎಂದು ಹೇಳುವ ಬಿಡಿ ಹಾಳೆಗಳ ಕಟ್ಟು. ಅಮೆರಿಕದ ಜನರಲ್ ಮೋಟರ್ಸ್ ಸಂಸ್ಥೆಯ ಇಂಥ ಹಾಳೆಗಳಲ್ಲಿ ವಿನ್ಯಾಸವನ್ನು ಬದಲಾಯಿಸಿದಾಗಲೆಲ್ಲ ತಿದ್ದುಪಡಿಯ ತಾರೀಖನ್ನೂ ನಮೂದಿಸುತ್ತಿದ್ದರು. ಅಲ್ಲಿನ ಹಳೆಯ ಕಾರುಗಳ ಅಭಿಮಾನಿಗಳು ಆ ಕಟ್ಟುಗಳನ್ನು ಹುಡುಕಿ ತೆಗೆದು, ಮರುಮುದ್ರಿಸಿ, ಈಗ ಸ್ಕ್ಯಾನು ಮಾಡಿ, ಕೊಳೆಯನ್ನು ತೆಗೆದು, ಹಂಚಿಕೊಳ್ಳುತ್ತಿದ್ದಾರೆ. ಆ ಸಂಸ್ಥೆಯೂ ತನ್ನ ಹಳೆಯ ಕಾರುಗಳ ವಿವರಗಳ ಕಡತಗಳನ್ನು ಯಾರು ಬೇಕಾದರೂ ಪಡೆಯುವಂತೆ ಉಚಿತವಾಗಿ ಇರಿಸಿದೆ. ಸಂಸ್ಥೆಯು ಬದುಕಿದ್ದರೆ ಇದೊಂದು ಸೌಲಭ್ಯ. ಸಂಸ್ಥೆಯೇ ಇಲ್ಲವಾದರೆ?

ನಮ್ಮ ನಾಡಿನ ಕಥೆ ಅಂಥದು. ಮೈಸೂರಿನ ಯಾದವಗಿರಿಯಲ್ಲಿ ಇರಾನಿ ಮನೆತನದವರು ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆಯಿಂದ ೧೯೬೧ರಲ್ಲಿ ಗಾಡಿಗಳು ಹೊರಬರತೊಡಗಿದವು. ಜಾವಾ ಎಂಬುದು ಚೆಕೊಸ್ಲೊವಾಕಿಯದ ಹೆಸರು. ೧೯೨೯ರಲ್ಲಿ ಯಾನೆಚೆಕ್ ಎಂಬಾತ ಜರ್ಮನಿಯ ವಾಂಡರರ್ ಗಾಡಿಯ ಹಕ್ಕನ್ನು ಕೊಂಡು, ತನ್ನ ಹೆಸರಿನ ಮೊದಲೆರಡು ಅಕ್ಷರಗಳನ್ನೂ ಅದರ ಹೆಸರಿನ ಮೊದಲೆರಡು ಅಕ್ಷರಗಳನ್ನೂ ಕೂಡಿಸಿ ಈ ಹೆಸರನ್ನು ಮಾಡಿದನು. ಮೈಸೂರಿನವರು ಆ ಗಾಡಿಯನ್ನು ತಮ್ಮದೇ ಮಾಡಿಕೊಂಡರು. ಒದ್ದು ಸ್ಟಾರ್ಟ್ ಮಾಡುವ ಕಡ್ಡಿಯೇ ಮುಂದಕ್ಕೆ ಮಡಿಚಿದರೆ ಗೇರು ಬದಲಾಯಿಸುವ ಕಡ್ಡಿಯಾಗುವ ಆ ಚಮತ್ಕಾರವನ್ನು ಕಂಡವರು ಈಗಲೂ ಅದನ್ನು ವರ್ಣಿಸುವಾಗ ಕಾಲನ್ನು ಆಡಿಸದೆ ಇರಲಾರರು. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿಯಾಯಿತು. ೧೯೭೮ರಲ್ಲಿ ರೋಡ್‌ಕಿಂಗ್ ಬಂದಿತು. ೧೯೯೬ರಲ್ಲಿ ಕಾರ್ಖಾನೆ ಮುಚ್ಚಿತು. ೨೦೧೮ರಲ್ಲಿ ಬೇರೊಂದು ಸಂಸ್ಥೆ ಜಾವಾ ಎಂಬ ಹೆಸರಿನಲ್ಲಿಯೂ, ೨೦೨೨ರಲ್ಲಿ ಯೆಜ್ಡಿ ಎಂಬ ಹೆಸರಿನಲ್ಲಿಯೂ ಹೊಸ ಗಾಡಿಗಳನ್ನು ಹೊರಡಿಸಿತು. ಆದರೆ ಅವು ಹೊಸ ಯಂತ್ರಗಳು. ಹಳೆಯ ಗಾಡಿಯ ಹೊಟ್ಟೆಯೊಳಗಿನ ಸಂಗತಿಗೆ ಅವುಗಳ ಪುಸ್ತಕದಿಂದ ಉಪಯೋಗವಿಲ್ಲ. ಯೆಜ್ಡಿ ಎಂಬ ಹೆಸರು ಯಾರದೆಂಬುದಕ್ಕೆ ಹೈಕೋರ್ಟಿನಲ್ಲಿ ವ್ಯಾಜ್ಯವೇ ನಡೆಯಿತು. ಹೆಸರಿಗಾಗಿ ಹೋರಾಡುವವರುಂಟು, ಆ ಹೆಸರಿನ ಗಾಡಿಯನ್ನು ಹೇಗೆ ಬಿಚ್ಚಿ ಹೇಗೆ ಕೂಡಿಸಬೇಕೆಂದು ಹೇಳುವ ಹಾಳೆಗಳಿಗಾಗಿ ಯಾರೂ ದಾವೆ ಹೂಡಿದ್ದನ್ನು ನಾನು ಕೇಳಿಲ್ಲ.

ಗಾಡಿಗಳೇನೋ ಉಳಿದಿವೆ. ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಬೆಂಗಳೂರಿನಲ್ಲಿ ಜಾವಾ–ಯೆಜ್ಡಿ ದಿನವೆಂದು ಅವುಗಳ ಒಡೆಯರೆಲ್ಲ ಒಂದೆಡೆ ಸೇರುತ್ತಾರೆ. ಆ ಹೊಗೆಯಲ್ಲಿ ನಿಂತು ನೋಡಿದವರಿಗೆ ಈ ಯಂತ್ರ ಸತ್ತಿತೆಂದು ಹೇಳುವ ಮನಸ್ಸಾಗದು. ಆದರೆ ಯಂತ್ರವನ್ನು ಬದುಕಿಸಿರುವುದು ಪ್ರೀತಿಯೊಂದೇ ಅಲ್ಲ, ಪುಸ್ತಕ. ಮತ್ತು ಆ ಪುಸ್ತಕದ ಕಾಗದ ದಿನದಿನಕ್ಕೆ ಹಳದಿಯಾಗಿ, ಮಡಿಕೆಯಲ್ಲಿ ಮುರಿದು, ಹೊಲಿಗೆಯ ಪಿನ್ನು ತುಕ್ಕು ಹಿಡಿದು ಉದುರುತ್ತಿದೆ. ಆದ್ದರಿಂದ ಅಭಿಮಾನಿಗಳು ತಮ್ಮ ಬಳಿಯಿದ್ದ ಪುಸ್ತಕಗಳನ್ನು ಸ್ಕ್ಯಾನು ಮಾಡಿ ಮೊಬೈಲಿನಿಂದ ಮೊಬೈಲಿಗೆ ಹಂಚತೊಡಗಿದ್ದಾರೆ. ಪುಣ್ಯದ ಕೆಲಸವೇ ಸರಿ. ಆ ಪುಣ್ಯದ ಕೆಲಸದಿಂದಲೇ ನನ್ನ ಮಾವನ ಗ್ಯಾರೇಜಿನಲ್ಲಿ ಒಂದು ಗಾಡಿಯ ವೈರಿಂಗ್ ಸುಟ್ಟುಹೋಯಿತು. ಅದನ್ನು ಹೇಳುತ್ತೇನೆ.

ಮಾವನ ಪುಸ್ತಕವು ಮೈಸೂರಿನ ಒಬ್ಬ ವೃದ್ಧ ಮೇಸ್ತ್ರಿಯಿಂದ ಬಂದದ್ದು. ಅಚ್ಚಾದದ್ದು ಇಂಗ್ಲಿಷಿನಲ್ಲಿ, ಆದರೆ ಅಂಚಿನ ತುಂಬ ಆ ಮೇಸ್ತ್ರಿಯ ಕೈಬರಹ ಕನ್ನಡದಲ್ಲಿ. ಪೆನ್ಸಿಲಿನ ಗೀಟು, ಬಾಣದ ಗುರುತು, ಎಲ್ಲೋ ಒಂದು ಲೆಕ್ಕ, ಎಲ್ಲೋ ಯಾರದೋ ಬಾಕಿ ಹಣ. ಎರಡು ವರ್ಷದ ಹಿಂದೆ ಪರಿಚಿತರೊಬ್ಬರು ಈ ಪುಸ್ತಕವನ್ನು ಕೇಳಿ ಕೊಂಡೊಯ್ದು, ಸ್ಕ್ಯಾನು ಮಾಡಿ, ಕಂಪ್ಯೂಟರಿನಲ್ಲಿ ‘ಶುದ್ಧ’ಗೊಳಿಸಿ, ಅದರ ಕಡತವನ್ನು ಮಾವನ ಮೊಬೈಲಿಗೆ ಕಳುಹಿಸಿದರು. ಎಣ್ಣೆಯ ಕಲೆಯಿಲ್ಲ, ಹೆಬ್ಬೆಟ್ಟಿನ ಗುರುತಿಲ್ಲ. ನಿನ್ನೆ ಅಚ್ಚಾದಂತೆ ಬೆಳ್ಳಗೆ ಹೊಳೆಯುತ್ತಿತ್ತು. ಮಾವ ಅದನ್ನು ಬಂದವರಿಗೆಲ್ಲ ತೋರಿಸಿ ಸಂತೋಷಪಟ್ಟರು. ಮೂಲ ಪುಸ್ತಕ ಹಿಂದಿರುಗಲು ಮಾತ್ರ ಹಲವು ತಿಂಗಳೇ ಹಿಡಿಯಿತು. ಕೊಟ್ಟ ಪುಸ್ತಕದ ವಿಷಯದಲ್ಲಿ ನಮ್ಮ ಜನ ಎಲ್ಲ ಕಾಲಕ್ಕೂ ಒಂದೇ.

ಆ ನಡುವೆ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಯೆಜ್ಡಿಯನ್ನು ತಂದು ಬಿಟ್ಟರು. ವೈರಿಂಗ್ ಪೂರ್ತಿ ಹೊಸದಾಗಿ ಎಳೆಯಬೇಕಾಗಿತ್ತು. ಮಾವ ಮೊಬೈಲಿನ ಕಡತದಲ್ಲಿದ್ದ ನಕ್ಷೆಯನ್ನು ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿಕೊಂಡು ಕೆಲಸ ಮುಗಿಸಿದರು. ಸಾಯಂಕಾಲ ಸ್ವಿಚ್ಚು ತಿರುಗಿಸಿದೊಡನೆ ಸೀಟಿನ ಕೆಳಗಿನಿಂದ ಹೊಗೆ ಬಂದಿತು. ಮಾವ ತಟಕ್ಕನೆ ಬ್ಯಾಟರಿಯ ತಂತಿಯನ್ನು ಕಿತ್ತು, ನೆಲದ ಮೇಲೆ ಕುಳಿತು, ಆ ಬಿಳಿಯ ಹಾಳೆಯನ್ನು ಬಹಳ ಹೊತ್ತು ನೋಡಿದರು.

“ಇಲ್ಲಿ ಏನೋ ಬರೆದಿತ್ತಲ್ಲೋ?” ಎಂದರು.

“ಎಲ್ಲಿ ಮಾವ?”

“ಇಲ್ಲೇ, ಈ ಮೂಲೇಲಿ. ಏನು ಅಂತ ಜ್ಞಾಪಕ ಬರ್ತಾ ಇಲ್ಲ. ಏನೋ ಬರೆದಿತ್ತು.”

ಪುಸ್ತಕ ಹಿಂದಿರುಗಿದ ದಿನ ಮೊದಲು ಆ ಪುಟವನ್ನೇ ತೆರೆದೆವು. ಮೂಲೆಯಲ್ಲಿ ಪೆನ್ಸಿಲಿನಿಂದ ಹೀಗೆ ಬರೆದಿತ್ತು: “ಇದು ಹಳೇ ಗಾಡಿಗೆ. ಹೊಸದಕ್ಕೆ ನೀಲಿ ವೈರು ಇಲ್ಲಿಗೆ ಬರಲ್ಲ. ಹಿಂದೆ ನೋಡು.” ಹಾಳೆಯನ್ನು ತಿರುಗಿಸಿದರೆ, ಅಚ್ಚಿಲ್ಲದ ಆ ಖಾಲಿ ಬೆನ್ನಿನ ಮೇಲೆ ಮೇಸ್ತ್ರಿಯು ತಾನೇ ಕೈಯಾರೆ ಬರೆದ ಇನ್ನೊಂದು ನಕ್ಷೆ, ಕೆಂಪು ನೀಲಿ ಪೆನ್ಸಿಲುಗಳಲ್ಲಿ, ಅಂಕುಡೊಂಕಾಗಿ, ಆದರೆ ಸರಿಯಾಗಿ. ಶುದ್ಧಗೊಳಿಸಿದವರು ಮುಂಭಾಗದ ಬರಹವನ್ನು ಕೊಳೆಯೆಂದು ಅಳಿಸಿದ್ದರು. ಹಿಂಭಾಗವನ್ನು ಖಾಲಿ ಪುಟವೆಂದು ಸ್ಕ್ಯಾನೇ ಮಾಡಿರಲಿಲ್ಲ. ಅವರದು ದುರುದ್ದೇಶವಲ್ಲ. ಅಚ್ಚಾದದ್ದು ಪುಸ್ತಕ, ಬರೆದದ್ದು ಗಲೀಜು ಎಂಬ ಒಂದು ಸಾಮಾನ್ಯ ನಂಬಿಕೆಯೇ ಅವರ ಕೈಯಿಂದ ಈ ಕೆಲಸವನ್ನು ಮಾಡಿಸಿತು.

ನನ್ನ ವಾದವಿರುವುದು ಇಲ್ಲಿಯೇ. ಈ ನಂಬಿಕೆ ತಪ್ಪೆಂದು ಹೇಳುವ ಅಧಿಕಾರ ಕನ್ನಡ ಐಚ್ಛಿಕವನ್ನು ಓದಿದವರಿಗೆ ಉಂಟು. ನಮ್ಮಲ್ಲಿ ಗ್ರಂಥಸಂಪಾದನೆ ಎಂಬ ಒಂದು ಶಾಸ್ತ್ರವಿದೆ. ಪರೀಕ್ಷೆಯ ಹಿಂದಿನ ರಾತ್ರಿ ನಾವದನ್ನು ಶಪಿಸಿಕೊಂಡು ಓದುತ್ತೇವೆ. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥ ಸಂಪಾದನೆ’ ಹೊರಬಂದದ್ದು ೧೯೬೪ರಲ್ಲಿ. ಓಲೆಗರಿಯನ್ನು ನಕಲು ಮಾಡುವ ಲಿಪಿಕಾರನು ಎಲ್ಲೆಲ್ಲಿ ಎಡವುತ್ತಾನೆ, ಹೋಲುವ ಅಕ್ಷರಗಳನ್ನು ಹೇಗೆ ಅದಲುಬದಲು ಮಾಡುತ್ತಾನೆ, ಸಾಲನ್ನು ಹೇಗೆ ಹಾರಿಸುತ್ತಾನೆ, ತನಗೆ ತಿಳಿಯದ್ದನ್ನು ತಿಳಿದಂತೆ ಹೇಗೆ ತಿದ್ದಿಬಿಡುತ್ತಾನೆ ಎಂಬುದೆಲ್ಲ ಆ ಶಾಸ್ತ್ರದ ವಿಚಾರ. ಸಂಪಾದಕನಾದವನು ತನಗೆ ಸರಿಯೆನಿಸಿದ ಪಾಠವನ್ನು ಮೇಲೆ ಇಟ್ಟುಕೊಳ್ಳಬಹುದು. ಆದರೆ ಉಳಿದ ಪಾಠಾಂತರಗಳನ್ನು ಕೆಳಗೆ ಅಡಿಟಿಪ್ಪಣಿಯಲ್ಲಿ ಕೊಡದೆ ನುಂಗಿಹಾಕುವಂತಿಲ್ಲ. ಓದುಗನು ಬೇಕಾದರೆ ಸಂಪಾದಕನೊಡನೆ ಜಗಳವಾಡಲು ಅವಕಾಶವಿರಬೇಕು. ಮಾವನ ಪುಸ್ತಕದ ಅಂಚಿನಲ್ಲಿದ್ದದ್ದು ಕೊಳೆಯಲ್ಲ, ಪಾಠಾಂತರ. ಬರೆದವನು ಪಂಡಿತನಲ್ಲ, ಆದರೆ ತಿದ್ದುಪಡಿಯನ್ನು ಗಾಡಿಯ ಮೇಲೆಯೇ ಪ್ರಯೋಗಿಸಿ ನೋಡಿದವನು. ಎಷ್ಟು ಮಂದಿ ವ್ಯಾಖ್ಯಾನಕಾರರಿಗೆ ಆ ಭಾಗ್ಯವುಂಟು!

ಅಳಿಸುವುದು ಒಂದು ದೋಷವಾದರೆ ಬದಲಾಯಿಸುವುದು ಅದಕ್ಕಿಂತ ದೊಡ್ಡದು. ೨೦೧೩ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಎಂಬ ಕಂಪ್ಯೂಟರ್ ವಿಜ್ಞಾನಿ ಒಂದು ವಿಚಿತ್ರವನ್ನು ಬಯಲಿಗೆ ತಂದರು. ಕಟ್ಟಡದ ನಕ್ಷೆಯೊಂದನ್ನು ಜೆರಾಕ್ಸ್ ಸಂಸ್ಥೆಯ ಯಂತ್ರದಲ್ಲಿ ಸ್ಕ್ಯಾನು ಮಾಡಿದಾಗ, ಬೇರೆ ಬೇರೆ ಅಳತೆಯ ಮೂರು ಕೋಣೆಗಳ ಮೇಲೂ ೧೪.೧೩ ಚದರ ಮೀಟರ್ ಎಂಬ ಒಂದೇ ಅಂಕಿ ಬಂದಿತ್ತು. ಅಂಕಿ ಮಸುಕಾಗಿರಲಿಲ್ಲ, ಅಚ್ಚುಕಟ್ಟಾಗಿ, ಸ್ಪಷ್ಟವಾಗಿ, ತಪ್ಪಾಗಿ ಇತ್ತು. ಕಾರಣ ಇಷ್ಟೆ: ಕಡತದ ಗಾತ್ರವನ್ನು ಕುಗ್ಗಿಸಲು ಯಂತ್ರವು ಹಾಳೆಯ ಮೇಲಿನ ಗುರುತುಗಳನ್ನು ಚೂರು ಚೂರಾಗಿ ನೋಡಿ, ಒಂದನ್ನೊಂದು ಹೋಲುವ ಚೂರುಗಳಿಗೆಲ್ಲ ಒಂದೇ ಚಿತ್ರವನ್ನು ಬಳಸುತ್ತಿತ್ತು. ಆರು ಎಂಟರಂತೆ ಕಂಡರೆ ಎಂಟೇ ಆಗುತ್ತಿತ್ತು. ಸಂಸ್ಥೆಯು ಆಮೇಲೆ ಸರಿಪಡಿಸುವ ತಂತ್ರಾಂಶವನ್ನು ಕೊಟ್ಟಿತು. ಛಾಯಾಪ್ರತಿಗೆ ಜೆರಾಕ್ಸ್ ಎಂದೇ ಹೆಸರಿಟ್ಟುಕೊಂಡಿರುವ ನಾಡಿನವರು ನಾವು. ಈ ಕಥೆಯನ್ನು ಪ್ರತಿಯೊಂದು ಜೆರಾಕ್ಸ್ ಅಂಗಡಿಯ ಗೋಡೆಯ ಮೇಲೂ ಬರೆಸಬಹುದು. ಹಳೆಯ ಲಿಪಿಕಾರನು ನಿದ್ದೆಗಣ್ಣಿನಲ್ಲಿ ‘ಪ’ಕಾರವನ್ನು ‘ಷ’ಕಾರ ಮಾಡುತ್ತಿದ್ದನು, ಹೊಸ ಲಿಪಿಕಾರನು ಎಚ್ಚರವಾಗಿದ್ದೇ ಮಾಡುತ್ತಾನೆ. ಕಾವ್ಯದಲ್ಲಿ ಇದರಿಂದ ಒಂದು ಪದ್ಯ ಕೆಟ್ಟೀತು. ಬ್ರೇಕಿನ ಬೋಲ್ಟನ್ನು ಎಷ್ಟು ಬಿಗಿಯಬೇಕೆಂಬ ಪುಟದಲ್ಲಿ ಒಂದು ಅಂಕಿ ಕೆಟ್ಟರೆ ಏನಾಗುವುದೆಂದು ವಿಸ್ತರಿಸಬೇಕಾಗಿಲ್ಲ.

ಹಾಗಾದರೆ ಕೊಳೆಯನ್ನು ತೆಗೆಯಲೇಬಾರದೇ ಎಂದು ಕೇಳಬಹುದು. ತೆಗೆಯಬೇಕು. ಗ್ಯಾರೇಜಿನ ಮಂಕು ಬೆಳಕಿನಲ್ಲಿ, ಕನ್ನಡಕವನ್ನು ಮನೆಯಲ್ಲಿ ಮರೆತುಬಂದ ಮೇಸ್ತ್ರಿಗೆ ಓದಲು ಬರುವಂಥ ಪ್ರತಿಯೊಂದು ಅವಶ್ಯವಾಗಿ ಬೇಕು. ಆದರೆ ಅದು ಎರಡನೆಯ ಪ್ರತಿಯಾಗಿರಬೇಕು. ಮೊದಲನೆಯದು, ಹಾಳೆಯು ಇದ್ದದ್ದು ಇದ್ದಂತೆ, ಬಣ್ಣದಲ್ಲಿ, ಬೆನ್ನು ಮುಖ ಎರಡೂ ಸೇರಿ, ರಟ್ಟಿನ ಒಳಮಗ್ಗುಲೂ ಬಿಡದಂತೆ ತೆಗೆದ ಪ್ರತಿ. ಇದನ್ನು ಕುಗ್ಗಿಸದೆ, ತಿದ್ದದೆ ಇಡಬೇಕು. ರೇಖಾಚಿತ್ರಗಳಿಗೆ ಅಂಗುಲಕ್ಕೆ ೬೦೦ ಚುಕ್ಕೆಗಳ ಸಾಂದ್ರತೆಯಾದರೂ ಇದ್ದರೆ ಸಣ್ಣ ಅಂಕಿಗಳು ಉಳಿಯುತ್ತವೆ. ಮಡಿಚಿದ ದೊಡ್ಡ ನಕ್ಷೆಯನ್ನು ಬಿಚ್ಚುವುದಕ್ಕೆ ಆತುರಪಡಬಾರದು. ಒತ್ತಿ ಹಿಡಿದರೆ ಮಡಿಕೆಯಲ್ಲಿ ಹರಿಯುತ್ತದೆ, ಹರಿದ ಜಾಗದಲ್ಲಿಯೇ ನಮಗೆ ಬೇಕಾದ ಅಂಕಿ ಇರುತ್ತದೆ. (ಇದು ಲೋಕದ ನಿಯಮ.) ಅಚ್ಚಿನ ಛಾಯಾಚಿತ್ರಗಳು ಸಣ್ಣ ಚುಕ್ಕೆಗಳಿಂದ ಆದವು, ಅವನ್ನು ಬರಿಯ ಕಪ್ಪು ಬಿಳುಪಿಗೆ ಇಳಿಸಿದರೆ ಇಂಜಿನ್ನಿನ ಚಿತ್ರವು ಮಸಿ ಚೆಲ್ಲಿದ ಕರವಸ್ತ್ರದಂತೆ ಕಾಣುತ್ತದೆ. ವೈರಿಂಗ್ ನಕ್ಷೆಯಲ್ಲಂತೂ ಬಣ್ಣವೇ ಅರ್ಥ. ಇವೆಲ್ಲ ಆದಮೇಲೆ ಓದುವ ಪ್ರತಿಯನ್ನು ಮಾಡಿ, ಅದರ ಮೊದಲ ಪುಟದಲ್ಲಿ ನಾಲ್ಕು ಮಾತು ಬರೆಯಬೇಕು: ಮೂಲ ಯಾವ ವರ್ಷದ ಮುದ್ರಣ, ಯಾವ ಮಾದರಿಯ ಗಾಡಿಗೆ, ಯಾವ ಹಾಳೆಗಳು ಇಲ್ಲ, ಎಲ್ಲೆಲ್ಲಿ ಏನೇನು ತಿದ್ದಿದೆ. ಪೀಠಿಕೆಯಿಲ್ಲದ ಗ್ರಂಥವನ್ನು ನಮ್ಮ ಅಧ್ಯಾಪಕರು ಒಪ್ಪುವುದಿಲ್ಲ. ಮೇಸ್ತ್ರಿಗಳು ಮಾತ್ರ ಏಕೆ ಒಪ್ಪಬೇಕು?

ಇನ್ನು ಹಂಚುವ ವಿಚಾರ. ಇಲ್ಲಿ ಎರಡು ಪಂಥಗಳಿವೆ. ಅಪರೂಪದ ಪುಸ್ತಕವನ್ನು ಕಷ್ಟಪಟ್ಟು ಹುಡುಕಿದವನು ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕುವುದು ಒಂದು. ಸಿಕ್ಕಿದ್ದನ್ನೆಲ್ಲ ಹಿಂದುಮುಂದು ನೋಡದೆ ಎಲ್ಲರಿಗೂ ತೂರುವುದು ಇನ್ನೊಂದು. ಮೊದಲನೆಯವರ ಮೇಲೆ ನನಗೆ ಕೋಪವಿದ್ದರೂ ಅವರ ನೋವನ್ನು ನಾನು ಬಲ್ಲೆ. ಪುಸ್ತಕವನ್ನು ಕೊಟ್ಟು ಕಳೆದುಕೊಂಡವರು ಅವರಲ್ಲಿ ಅನೇಕರು. ಸ್ಕ್ಯಾನು ಮಾಡಲು ವಾರಗಟ್ಟಲೆ ದುಡಿದವನು ಆ ದುಡಿಮೆಗೆ ನಾಲ್ಕು ಕಾಸು ಕೇಳಿದರೂ ತಪ್ಪೆನ್ನಲಾರೆ. ಕಾಗದದ ಮೇಲೆ ಮರುಮುದ್ರಿಸಿ ಮಾರಿದರೂ ತಪ್ಪೆನ್ನಲಾರೆ. ಆದರೆ ಇರುವ ಒಂದೇ ಪ್ರತಿಯನ್ನು ಬೀಗದೊಳಗಿಟ್ಟರೆ ಅದು ಒಂದು ದಿನ ಗೆದ್ದಲಿನ ಪಾಲು, ಇಲ್ಲವೆ ಹಳೆಯ ಪೇಪರಿನವನ ತಕ್ಕಡಿಯ ಪಾಲು. ೧೯೦೫ರಲ್ಲಿ ತಂಜಾವೂರು ಸೀಮೆಯ ಪಂಡಿತರೊಬ್ಬರು ಒಂದು ಓಲೆಯ ಕಟ್ಟನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂದುಕೊಟ್ಟರು. ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಆರ್. ಶಾಮಶಾಸ್ತ್ರಿಗಳು ಗುರುತಿಸಿ, ೧೯೦೯ರಲ್ಲಿ ಅಚ್ಚು ಹಾಕಿಸಿದರು. ಆ ಪಂಡಿತರು ಕಟ್ಟನ್ನು ತಮ್ಮ ಅಟ್ಟದಲ್ಲಿಯೇ ಇಟ್ಟುಕೊಂಡಿದ್ದರೆ ಏನಾಗುತ್ತಿತ್ತೆಂದು ಇತಿಹಾಸದ ವಿದ್ಯಾರ್ಥಿಗಳು ಯೋಚಿಸಬೇಕು. ಜಾವಾ ಗಾಡಿಯ ಪುಸ್ತಕ ಅರ್ಥಶಾಸ್ತ್ರಕ್ಕೆ ಸಮವೆಂದು ನಾನು ಹೇಳುತ್ತಿಲ್ಲ. ಆದರೆ ಎರಡೂ ಮೈಸೂರಿನಿಂದಲೇ ಲೋಕಕ್ಕೆ ಹೊರಟವು. ಎರಡರ ಗತಿಯೂ ಯಾರೋ ಒಬ್ಬರು ಕಟ್ಟನ್ನು ಎತ್ತಿಕೊಂಡು ಬಂದು ಕೊಡುವುದರ ಮೇಲೆ ನಿಂತಿತ್ತು.

ಕಾನೂನು ಏನು ಹೇಳುತ್ತದೆ ಎಂಬುದನ್ನೂ ನೋಡಬೇಕು. ಏಕೆಂದರೆ ಪುಸ್ತಕ ಹಳೆಯದಾದ ಮಾತ್ರಕ್ಕೆ ಅದು ಎಲ್ಲರ ಸೊತ್ತಾಗುವುದಿಲ್ಲ. ನಮ್ಮ ದೇಶದ ಕೃತಿಸ್ವಾಮ್ಯದ ಶಾಸನ ೧೯೫೭ರದು. ಲೇಖಕನ ಹೆಸರಿಲ್ಲದೆ ಪ್ರಕಟವಾದ ಕೃತಿಗೆ, ಪ್ರಕಟವಾದ ವರ್ಷ ಕಳೆದಮೇಲೆ ೬೦ ವರ್ಷ ರಕ್ಷಣೆಯುಂಟು. ಹಾಗೆ ಹೆಸರಿಲ್ಲದೆ ೧೯೬೧ರಲ್ಲಿ ಅಚ್ಚಾದ ಕೈಪಿಡಿಯ ಹಕ್ಕು ೨೦೨೧ರ ಕೊನೆಗೆ ತೀರುತ್ತದೆ. ಅದನ್ನು ಯಾರು ಬೇಕಾದರೂ ಹಂಚಬಹುದು. ರೋಡ್‌ಕಿಂಗ್ ಬಂದ ೧೯೭೮ನೆಯ ವರ್ಷದಲ್ಲಿ ಅಚ್ಚಾದದ್ದಾದರೆ ೨೦೩೮ರ ಕೊನೆಯವರೆಗೆ ಕಾಯಬೇಕು. ಆ ಅಗ್ಗದ ಕಾಗದ ಅಲ್ಲಿಯವರೆಗೆ ಕಾಯುವುದೇ? ೨೦೧೨ರ ತಿದ್ದುಪಡಿ ಇಲ್ಲಿ ಎರಡು ಬಾಗಿಲುಗಳನ್ನು ತೆರೆದಿದೆ. ಲಾಭಕ್ಕಾಗಿ ನಡೆಯದ ಸಾರ್ವಜನಿಕ ಗ್ರಂಥಾಲಯವು ತನ್ನಲ್ಲಿ ಮೂಲ ಪುಸ್ತಕವಿದ್ದರೆ, ಅದನ್ನು ಕಾಪಾಡುವುದಕ್ಕಾಗಿ ಕಂಪ್ಯೂಟರಿನಲ್ಲಿ ಪ್ರತಿ ಮಾಡಿಟ್ಟುಕೊಳ್ಳಬಹುದು. ಹಕ್ಕಿನ ಒಡೆಯ ಯಾರೆಂದು ಹುಡುಕಿದರೂ ಸಿಗದ ಕೃತಿಯಾದರೆ, ಪ್ರಕಟಿಸಲು ಪರವಾನಗಿ ಕೊಡಿರೆಂದು ಅರ್ಜಿ ಹಾಕಿಕೊಳ್ಳುವುದಕ್ಕೂ ದಾರಿಯಿದೆ. ಎರಡನೆಯ ದಾರಿ ವಕೀಲರಿಲ್ಲದೆ ನಡೆಯುವಂಥದಲ್ಲ. ಮೊದಲನೆಯದು ನಡೆಯುವಂಥದು; ಆದರೆ ಅದಕ್ಕೆ ಮೂಲ ಪುಸ್ತಕವು ಗ್ರಂಥಾಲಯದಲ್ಲಿ ಇರಬೇಕು. ಗ್ಯಾರೇಜಿನ ಗೂಡಿನಲ್ಲಿದ್ದರೆ ಆಗದು. ಇದೇ ನನ್ನ ಮುಖ್ಯ ಬೇಡಿಕೆಗೆ ಕಾರಣ: ಇಂಥ ಪುಸ್ತಕಗಳನ್ನು ನಮ್ಮ ಕಾಲೇಜುಗಳ ಗ್ರಂಥಭಂಡಾರಗಳೂ, ೧೯೬೪ರಲ್ಲಿ ಸ್ಥಾಪಿತವಾಗಿ ಈಗ ಜ್ಞಾನಭಾರತಿಯಲ್ಲಿ ನೆಲೆಸಿರುವ ವಿಶ್ವವಿದ್ಯಾನಿಲಯದ ಗ್ರಂಥಭಂಡಾರವೂ ಕೇಳಿ ಪಡೆಯಬೇಕು. ರಸ್ತೆಯ ಈಚೆಗೆ ಗ್ಯಾರೇಜು, ಆಚೆಗೆ ವಿಶ್ವವಿದ್ಯಾನಿಲಯ. ನಡುವೆ ಮೈಸೂರು ರಸ್ತೆಯೊಂದನ್ನು ದಾಟುವುದಷ್ಟೇ ಬಾಕಿ. ದಾಟುವುದು ಕಷ್ಟವೆಂಬುದನ್ನು ಸಾಯಂಕಾಲ ಆರು ಗಂಟೆಯಲ್ಲಿ ನೋಡಿದವರೆಲ್ಲ ಒಪ್ಪುತ್ತಾರೆ.

ಹಳೆಯ ಕನ್ನಡ ಪುಸ್ತಕಗಳ ವಿಷಯದಲ್ಲಿ ಬೆಂಗಳೂರು ಆಗಲೇ ದಾರಿ ತೋರಿಸಿದೆ. ‘ಸರ್ವೆಂಟ್ಸ್ ಆಫ್ ನಾಲೆಜ್’ ಎಂಬ ಹೆಸರಿನಲ್ಲಿ ಇಲ್ಲಿ ಕೂಡಿದ ಸ್ವಯಂಸೇವಕರು ಪುಸ್ತಕಗಳನ್ನೂ ನಿಯತಕಾಲಿಕೆಗಳನ್ನೂ ಪುಟಪುಟವಾಗಿ ಸ್ಕ್ಯಾನು ಮಾಡಿ ಇಂಟರ್ನೆಟ್ ಆರ್ಕೈವ್ ಎಂಬ ಸಾರ್ವಜನಿಕ ಭಂಡಾರದಲ್ಲಿ ಇರಿಸಿದ್ದಾರೆ. ನನ್ನ ಸೆಮಿಸ್ಟರಿನ ಪ್ರಬಂಧಕ್ಕೆ ಬೇಕಾದ ಒಂದು ಹಳೆಯ ಸಂಪುಟ ಸಿಕ್ಕಿದ್ದು ಅಲ್ಲಿಯೇ. ಕಾವ್ಯಕ್ಕೆ, ಕಾದಂಬರಿಗೆ ಆದದ್ದು ಕೈಪಿಡಿಗೂ ಆಗಬಾರದೇಕೆ?

ಜಾವಾ ಒಂದರ ಮಾತೇ ಸಾಕೆಂದರೆ ಸಾಲದು. ಬೆಂಗಳೂರಿನಲ್ಲಿಯೇ ಕಾರುಗಳು ತಯಾರಾಗುತ್ತಿದ್ದುವೆಂದರೆ ನನ್ನ ತರಗತಿಯವರು ನಂಬಲಿಲ್ಲ. ಎಪ್ಪತ್ತರ ದಶಕದಲ್ಲಿ ಸನ್‌ರೈಸ್ ಎಂಬ ಸಂಸ್ಥೆ ‘ಬಾದಲ್’ ಎಂಬ ಮೂರು ಚಕ್ರದ ಕಾರನ್ನು ಇಲ್ಲಿ ಮಾಡಿತು. ಅದೇ ಮುಂದೆ ಸಿಪಾನಿ ಆಟೊಮೊಬೈಲ್ಸ್ ಆಗಿ ೧೯೮೨ರಲ್ಲಿ ‘ಡಾಲ್ಫಿನ್’ ಎಂಬ ಚಿಕ್ಕ ಕಾರನ್ನು ಹೊರತಂದಿತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರೇ ಅದರ ಮೂಲ. ಮೈ ಫೈಬರ್‌ಗ್ಲಾಸಿನದು, ಇಂಜಿನ್ನು ೮೪೮ ಸಿ.ಸಿ.ಯ ಅಲ್ಯುಮಿನಿಯಮ್ಮಿನದು. ಇಂಥ ಕಾರನ್ನು ಇಂಗ್ಲಿಷ್ ಪುಸ್ತಕದ ಆಧಾರದಿಂದ ಸರಿಮಾಡಬಹುದೆಂದು ತೋರಿದರೂ ಪೂರ್ತಿ ಸರಿಯಲ್ಲ. ಇಲ್ಲಿಗೆ ಬಂದ ಯಂತ್ರವು ಇಲ್ಲಿಯ ನೀರು ಕುಡಿದ ಮೇಲೆ ಬದಲಾಗುತ್ತದೆ. ಮಾರಿಸ್ ಆಕ್ಸ್‌ಫರ್ಡ್ ಕಾರು ಅಂಬಾಸಿಡರ್ ಆಗಿ, ೨೦೧೪ರಲ್ಲಿ ನಿಲ್ಲುವವರೆಗೆ, ಎಷ್ಟು ಸಲ ಒಳಗೊಳಗೇ ಬೇರೆಯಾಯಿತೆಂಬುದನ್ನು ಅದರ ಮೆಕ್ಯಾನಿಕ್ಕುಗಳನ್ನು ಕೇಳಬೇಕು. ಮೂಲದಲ್ಲಿ ಒಂದು, ಇಲ್ಲಿಯ ಪ್ರತಿಯಲ್ಲಿ ಇನ್ನೊಂದು: ಮತ್ತೆ ಅದೇ ಪಾಠಾಂತರ. ಆ ಬದಲಾವಣೆಗಳು ಕೈಪಿಡಿಯ ಅಂಚಿನಲ್ಲಿ, ಅಥವಾ ಮೇಸ್ತ್ರಿಯ ತಲೆಯಲ್ಲಿ ಮಾತ್ರ ಉಳಿದಿವೆ. ಎಚ್. ಎಂ. ಟಿ. ಗಡಿಯಾರದ ಕಾರ್ಖಾನೆ, ಬೈಯಪ್ಪನಹಳ್ಳಿಯ ಎನ್. ಜಿ. ಇ. ಎಫ್.—ನಮ್ಮ ಊರಿನಲ್ಲಿ ಮುಚ್ಚಿದ ಕಾರ್ಖಾನೆಗಳು ಒಂದೆರಡಲ್ಲ. ಕಟ್ಟಡಗಳ ಜಾಗಕ್ಕೆ ಬೆಲೆ ಕಟ್ಟುವವರು ಬೇಕಾದಷ್ಟು ಮಂದಿ ಇದ್ದಾರೆ. ಡ್ರಾಯಿಂಗ್ ಹಾಳೆಗಳು ರದ್ದಿಯ ಲೆಕ್ಕಕ್ಕೆ ಸೇರುತ್ತವೆ.

ಯಾದವಗಿರಿಯ ಕಾರ್ಖಾನೆ ಮುಚ್ಚಿದಾಗ ಅಲ್ಲಿ ಯುವಕರಾಗಿದ್ದವರು ಈಗ ವೃದ್ಧಾಪ್ಯದ ಹೊಸ್ತಿಲಲ್ಲಿದ್ದಾರೆ. ಮೊದಲ ತಲೆಮಾರಿನವರಲ್ಲಿ ಉಳಿದವರು ಎಂಬತ್ತು ದಾಟಿದವರು. ಮಾರಾಟಕ್ಕಿಲ್ಲದ ಜೋಡಣೆಯ ಹಾಳೆಗಳು ಎಲ್ಲಾದರೂ ಉಳಿದಿದ್ದರೆ ಅವರ ಟ್ರಂಕುಗಳಲ್ಲಿ ಉಳಿದಿರಬೇಕು. ಆ ಹಾಳೆಗಳೊಡನೆ ಅವರ ಮಾತನ್ನೂ ಬರೆದುಕೊಳ್ಳಬೇಕಾದದ್ದು ಇಂಜಿನಿಯರುಗಳ ಕೆಲಸವಲ್ಲ, ನಮ್ಮ ಕೆಲಸ. ಪುಸ್ತಕ ಇಂಗ್ಲಿಷಿನಲ್ಲಿದ್ದರೂ ಗ್ಯಾರೇಜಿನಲ್ಲಿ ಯಂತ್ರವು ಕನ್ನಡವನ್ನೇ ಆಡುತ್ತದೆ. ಗಾಡಿ ‘ಮಿಸ್ಸಿಂಗ್ ಹೊಡೆಯುತ್ತದೆ’, ‘ಪಿಕಪ್ ಎಳೆಯೋದಿಲ್ಲ’, ಎಣ್ಣೆ ಸಾಲದೆ ‘ಸೀಜ್ ಆಗುತ್ತದೆ’, ಆಮೇಲೆ ‘ಬೋರ್ ಮಾಡಿಸಬೇಕಾಗುತ್ತದೆ’. ಈ ಮಾತುಗಳು ಯಾವ ಕೈಪಿಡಿಯಲ್ಲಿಯೂ ಇಲ್ಲ. ಅಂಚಿನ ಪೆನ್ಸಿಲ್ ಬರಹದಲ್ಲಿ ಇವೆ. ನಿಘಂಟುಗಳಲ್ಲಿ ಕಮ್ಮಾರನ, ಕುಂಬಾರನ ಪದಗಳಿಗೆ ಎಡೆ ಸಿಕ್ಕಿದಂತೆ ಮೆಕ್ಯಾನಿಕ್ಕನ ಪದಗಳಿಗೂ ಸಿಗಬೇಕಾದರೆ, ಬಿಳುಪು ಮಾಡಿದ ಪ್ರತಿಯಿಂದ ಅದು ಸಾಧ್ಯವಿಲ್ಲ.

ಸಂಪಾದಕ ಮಿತ್ರನಿಗೆ ಇಷ್ಟನ್ನೂ ಹೇಳಿದಮೇಲೆ ಅವನು, “ಸರಿ, ನೀನೇನು ಮಾಡಿದೆ?” ಎಂದು ಕೇಳಿದನು. ನ್ಯಾಯವಾದ ಪ್ರಶ್ನೆ. ಮಾವನ ಪುಸ್ತಕವನ್ನು ರಜೆಯ ಭಾನುವಾರಗಳಲ್ಲಿ ಕುಳಿತು ಮೊದಲಿನಿಂದ ಪುನಃ ಸ್ಕ್ಯಾನು ಮಾಡಿದ್ದೇನೆ. ಖಾಲಿ ಪುಟಗಳನ್ನೂ ಬಿಟ್ಟಿಲ್ಲ. ಒಂದು ಖಾಲಿ ಪುಟದಲ್ಲಿ ಮೇಸ್ತ್ರಿಯು ಯಾರಿಗೋ ಕೊಟ್ಟಿದ್ದ ಹನ್ನೆರಡು ರೂಪಾಯಿಯ ಲೆಕ್ಕವಿದೆ. ಅದು ತೀರಿತೋ ಇಲ್ಲವೋ. ಅದನ್ನೂ ಇಟ್ಟಿದ್ದೇನೆ. ಮೇಷ್ಟ್ರ ಯೆಜ್ಡಿಗೆ ಮಾವ ತಮ್ಮ ಖರ್ಚಿನಲ್ಲಿಯೇ ಹೊಸ ವೈರಿಂಗ್ ಎಳೆದುಕೊಟ್ಟರು, ಈ ಸಲ ಪೆನ್ಸಿಲಿನ ನಕ್ಷೆಯಂತೆ. ದೀಪ ಹತ್ತಿತು.

ಒಂದು ಕೊರತೆ ಉಳಿದಿದೆ. ಆ ಪುಸ್ತಕದಲ್ಲಿ ೨೭ ಮತ್ತು ೨೮ನೆಯ ಪುಟಗಳಿರುವ ಹಾಳೆ ಇಲ್ಲ. ಹರಿದ ಅಂಚು ಮಾತ್ರ ಪಿನ್ನಿಗೆ ಕಚ್ಚಿಕೊಂಡಿದೆ. ಹಿಂದಿನ ಪುಟ ಗೇರುಪೆಟ್ಟಿಗೆಯ ಚಿತ್ರದ ನಡುವೆ ನಿಲ್ಲುತ್ತದೆ, ಮುಂದಿನ ಪುಟ ಕ್ಲಚ್ಚಿನಿಂದ ಪ್ರಾರಂಭವಾಗುತ್ತದೆ. ಈ ಸಂಚಿಕೆಯನ್ನು ಓದುವವರಲ್ಲಿ ಯಾರ ತಂದೆಯವರಾದರೂ, ಅಜ್ಜನವರಾದರೂ ಜಾವಾ ಇಲ್ಲವೆ ಯೆಜ್ಡಿ ಓಡಿಸಿದವರಾಗಿದ್ದರೆ ದಯವಿಟ್ಟು ಅಟ್ಟವನ್ನೊಮ್ಮೆ ನೋಡಿರಿ. ಪುಸ್ತಕವನ್ನು ಕೊಟ್ಟುಹೋಗಬೇಕಾಗಿಲ್ಲ. ಭಾನುವಾರ ಬೆಳಗ್ಗೆ ಗ್ಯಾರೇಜು ತೆರೆದಿರುತ್ತದೆ. ಎದುರಿಗೇ ಸ್ಕ್ಯಾನು ಮಾಡಿಕೊಂಡು ನಿಮ್ಮ ಕೈಗೇ ಹಿಂದಿರುಗಿಸುತ್ತೇವೆ. ಕಾಫಿ ಮಾವನ ಲೆಕ್ಕದಲ್ಲಿ.